ಎದುರಿಗೆ ನಿಂತವರು ಕಲಿಸಿದ ಕರಾಟೆ

ಕರಾಟೆ ಕ್ಲಾಸ್‌ಗೆ ಸೇರಬೇಕು ಅಂತಿರುವವರು ಮೊದಲು ವಿಚಾರಿಸುವುದು ಮಾಸ್ಟರ್ ಬಗ್ಗೆ. ಎಷ್ಟನೇ ಡಾನ್ (ಬ್ಲ್ಯಾಕ್ ಬೆಲ್ಟಿನ ಹಂತ), ಯಾರ ಹತ್ತಿರ ಕಲಿತವರು, ಸ್ಪರ್ಧೆಗಳಲ್ಲಿ ಗೆದ್ದಿದ್ದಾರಾ ಅಂತ. ಕೇಳಬೇಕಾದ್ದೇ. ಆದರೆ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಶೊಟೊಕಾನ್ ಅನ್ನುವ ಶೈಲಿಯ ಕರಾಟೆ ಶುರು ಮಾಡಿದ ನನಗೆ ಅನ್ನಿಸಿದ್ದು ಬೇರೆ. ನಾನು ಕಲಿತದ್ದರಲ್ಲಿ ಅರ್ಧ ಬಂದದ್ದು ಜೊತೆಗೆ ಅಭ್ಯಾಸ ಮಾಡಿದವರಿಂದ. ಮಾಸ್ಟರ್ ತೋರಿಸಿದರು, ತಿದ್ದಿದರು, ನಿಜ. ಆದರೆ ಮುಷ್ಟಿಯೊಂದು ಮುಖದ ಕಡೆಗೆ ಬರುವಾಗ ಮೈ ಏನು ಮಾಡಬೇಕು ಅನ್ನುವುದನ್ನು ಅಭ್ಯಾಸ ಮಾಡಿಸಿದ್ದು ಎದುರಿಗೆ ನಿಂತವರು.

ಮೊದಲ ಕೆಲವು ವಾರ ಯಾರೂ ಎದುರಿಗೆ ಬರುವುದಿಲ್ಲ. ಸಾಲಾಗಿ ನಿಂತು ಕಿಹೊನ್, ಅಂದರೆ ಬೇಸಿಕ್ಸ್. ಒಂದೇ ಪಂಚ್, ಒಂದೇ ಬ್ಲಾಕ್, ಹಾಲ್‌ನ ಈ ತುದಿಯಿಂದ ಆ ತುದಿಗೆ. ಇಲ್ಲೇ ತುಂಬ ಜನ ಬಿಟ್ಟು ಹೋಗುತ್ತಾರೆ. ನನಗೆ ಇದು ಬೇಸರ ಆಗಲಿಲ್ಲ, ಕಾರಣ ಪಕ್ಕದ ಸಾಲಿನಲ್ಲಿದ್ದ ಬ್ರೌನ್ ಬೆಲ್ಟ್ ಹುಡುಗಿ. ಹೈಸ್ಕೂಲ್ ಓದುತ್ತಿದ್ದವಳು. ಝೆನ್‌ಕುತ್ಸು-ದಾಚಿ ಅಂತ ಒಂದು ಉದ್ದದ ಸ್ಟಾನ್ಸ್ ಇದೆ, ಮುಂದಿನ ಮಂಡಿ ಬಾಗಿರಬೇಕು, ಹಿಂದಿನ ಕಾಲು ನೇರ, ಮತ್ತೆ ಎರಡು ಪಾದಗಳ ನಡುವೆ ಪಕ್ಕಕ್ಕೆ ಸೊಂಟದಷ್ಟು ಅಗಲ. ಈ ಅಗಲವೇ ಹೊಸಬರಿಗೆ ಸಿಗುವುದಿಲ್ಲ, ಹಗ್ಗದ ಮೇಲೆ ನಡೆದ ಹಾಗೆ ಪಾದಗಳು ಒಂದೇ ಗೆರೆಗೆ ಬಂದುಬಿಡುತ್ತವೆ. ಅವಳು ‘ಅಕ್ಕಾ, ಅಗಲ ನಿಲ್ಲಿ’ ಅಂತ ಹೇಳಿ, ನನ್ನ ಭುಜವನ್ನು ಪಕ್ಕದಿಂದ ಒಂದೇ ಬೆರಳಲ್ಲಿ ತಳ್ಳುತ್ತಿದ್ದಳು. ಅಗಲ ಇದ್ದರೆ ನಿಲ್ಲುತ್ತಿದ್ದೆ, ಇಲ್ಲದಿದ್ದರೆ ವಾಲುತ್ತಿದ್ದೆ. ಮಾತಿನ ವಿವರಣೆಯೇ ಬೇಕಾಗಲಿಲ್ಲ. ಪಂಚ್ ಹೊಡೆಯುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದು, ಮುಷ್ಟಿ ಕಟ್ಟುವಾಗ ಹೆಬ್ಬೆರಳು ಬೆರಳುಗಳ ಹೊರಗೆ ಇರುವುದು, ಮಾಯೆ-ಗೆರಿ, ಅಂದರೆ ನೇರ ಮುಂದಕ್ಕೆ ಒದೆಯುವ ಕಿಕ್‌ನಲ್ಲಿ ಕಾಲ್ಬೆರಳುಗಳನ್ನು ಹಿಂದಕ್ಕೆ ಮಡಿಸಿ ಅವುಗಳ ಬುಡದ ಗಟ್ಟಿ ಭಾಗದಿಂದ ತಾಗಿಸುವುದು, ಇವನ್ನೆಲ್ಲ ಆಗಲೇ ಕಲಿತುಬಿಡಬೇಕು. ಪ್ಯಾಡ್‌ಗೆ ಜೋರಾಗಿ ಹೊಡೆಯುವ ದಿನ ಬಂದಾಗ ಹೆಬ್ಬೆರಳು, ಕಾಲ್ಬೆರಳು ಉಳಿಯುವುದು ಇದರಿಂದಲೇ.

ಆಮೇಲೆ ಬಂತು ಗೊಹೊನ್ ಕುಮಿಟೆ. ಇಬ್ಬರು ಎದುರುಬದುರು. ಒಬ್ಬರು ‘ಜೊದಾನ್’ ಅಂದರೆ ಮುಖಕ್ಕೆ, ‘ಚುದಾನ್’ ಅಂದರೆ ಹೊಟ್ಟೆ-ಎದೆಗೆ. ಹೀಗೆ ಮೊದಲೇ ಹೇಳಿ ಐದು ಹೆಜ್ಜೆ ಮುಂದೆ ಬರುತ್ತಾ ಐದು ಪಂಚ್ ಹೊಡೆಯುತ್ತಾರೆ. ಇನ್ನೊಬ್ಬರು ಐದು ಹೆಜ್ಜೆ ಹಿಂದೆ ಹೋಗುತ್ತಾ ಬ್ಲಾಕ್ ಮಾಡಿ, ಐದನೆಯದರ ನಂತರ ಪ್ರತಿಯಾಗಿ ಒಂದು ಪಂಚ್ ಕೊಡಬೇಕು. ಎಲ್ಲಿಗೆ ಬರುತ್ತದೆ, ಏನು ಬರುತ್ತದೆ, ಎಲ್ಲ ಗೊತ್ತಿದ್ದರೂ ಕಣ್ಣು ಮುಚ್ಚಿಕೊಳ್ಳುತ್ತದೆ! ಇದು ಎಲ್ಲರಿಗೂ ಆಗುವುದೇ, ಶರೀರದ ಸಹಜ ಗುಣ. ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರೆ ಬ್ಲಾಕ್ ಮುಂಚೆಯೇ ಹೋಗುತ್ತದೆ, ಪಂಚ್ ಆಮೇಲೆ ಬರುತ್ತದೆ.

ನನಗೆ ಜೋಡಿಯಾಗಿ ಸಿಕ್ಕವರಲ್ಲಿ ಎರಡು ಥರ ಇದ್ದರು. ಕೆಲವರು ಪಾಪ ಒಳ್ಳೆಯವರು, ಹೊಸಬರು ಅಂತ ಕರುಣೆಯಿಂದ ಪಂಚನ್ನು ಕಿವಿಯ ಪಕ್ಕಕ್ಕೆ ಬಿಡುತ್ತಿದ್ದರು, ಇಲ್ಲವೇ ಒಂದು ಮೊಳ ದೂರದಲ್ಲೇ ನಿಲ್ಲಿಸುತ್ತಿದ್ದರು. ನಾನು ಸುಮ್ನೆ ನಿಂತಿದ್ದರೂ ಅದು ತಾಗುತ್ತಿರಲಿಲ್ಲ. ಹಾಗಾದರೆ ಬ್ಲಾಕ್ ಯಾಕೆ ಬೇಕು ಅಲ್ವಾ? ಇನ್ನೊಬ್ಬರು, ನನಗಿಂತ ತುಂಬ ಎತ್ತರದ, ತುಂಬ ಮೆತ್ತಗೆ ಮಾತಾಡುವ ಬ್ಲ್ಯಾಕ್ ಬೆಲ್ಟ್, ನೇರ ನನ್ನ ಗಲ್ಲಕ್ಕೇ ಗುರಿ ಇಟ್ಟು ಬರುತ್ತಿದ್ದರು. ವೇಗ ಮಾತ್ರ ಕಡಿಮೆ. ಬ್ಲಾಕ್ ತಡವಾದರೆ ಮುಷ್ಟಿ ಚರ್ಮದ ಹತ್ತಿರಕ್ಕೆ ಬಂದು ನಿಂತುಬಿಡುತ್ತಿತ್ತು. ಅವರು ನಿಲ್ಲಿಸುತ್ತಾರೆ ಅನ್ನುವ ನಂಬಿಕೆ ಬಂದ ಮೇಲೆಯೇ ನನಗೆ ಕಣ್ಣು ಬಿಟ್ಟುಕೊಂಡು ನೋಡುವುದಕ್ಕೆ ಸಾಧ್ಯವಾದದ್ದು. ಆಮೇಲೆ ನಾನೇ ಎಲ್ಲ ಜೋಡಿಗಳನ್ನೂ ಕೇಳಿಕೊಳ್ಳತೊಡಗಿದೆ: ನಿಧಾನ ಬನ್ನಿ, ಆದರೆ ಸರಿಯಾಗಿ ನನ್ನ ಮೇಲೆಯೇ ಬನ್ನಿ. ನನ್ನ ಸರದಿ ಬಂದಾಗ ನಾನೂ ಹಾಗೆಯೇ ಹೊಡೆಯುತ್ತೇನೆ. ಗುರಿ ತಪ್ಪಿಸಿ ಹೊಡೆಯುವುದು ಜೋಡಿಗೆ ಉಪಕಾರ ಅಲ್ಲ.

ಆ ಎತ್ತರದ ಬ್ಲ್ಯಾಕ್ ಬೆಲ್ಟೇ ತೋರಿಸಿದ ಇನ್ನೊಂದು ವಿಷಯ ದೂರದ ಲೆಕ್ಕ. ಭಯಕ್ಕೆ ನಾವು ಬೇಕಾದ್ದಕ್ಕಿಂತ ಜಾಸ್ತಿ ಹಿಂದೆ ಹೋಗುತ್ತೇವೆ. ಪೆಟ್ಟು ಬೀಳುವುದಿಲ್ಲ, ಸರಿ, ಆದರೆ ಕೊನೆಗೆ ನಮ್ಮ ಪಂಚ್ ಕೂಡ ಮುಟ್ಟುವುದಿಲ್ಲ. ಅವರ ಕೈ ಉದ್ದ, ನನ್ನದು ಗಿಡ್ಡ. ಹಾಗಾಗಿ ಎಷ್ಟು ಹಿಂದೆ ಹೋದರೆ ನನ್ನ ಕೈ ಅವರಿಗೆ ಸಿಗುತ್ತದೆ ಅನ್ನುವುದು ಬೇರೆ ಯಾರೊಂದಿಗೋ ಮಾಡಿದ ಅಳತೆಯಲ್ಲಿ ಬರುವುದಿಲ್ಲ. ಅದಕ್ಕೇ ಬೇರೆ ಬೇರೆ ಎತ್ತರ, ವಯಸ್ಸು, ತೂಕದವರೊಂದಿಗೆ ಜೋಡಿ ಬದಲಾಯಿಸುತ್ತಾ ಇರಬೇಕು. ಗೆಳತಿಯೊಬ್ಬಳೊಂದಿಗೇ ಯಾವಾಗಲೂ ನಿಲ್ಲುವವರನ್ನು ನೋಡಿದ್ದೇನೆ. ಅವಳ ಪಂಚ್ ಅವರಿಗೆ ಬಾಯಿಪಾಠ, ಬೇರೆಯವರದು ಬಂದರೆ ತಡಬಡಾಯಿಸುತ್ತಾರೆ.

ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ, ಅದು ಮಾತ್ರ ಒಬ್ಬರೇ ಮಾಡುವುದು ಅಂತ ನಾನು ತಿಳಿದಿದ್ದೆ. ಹೆಚ್ಚಿನ ಶೊಟೊಕಾನ್ ಕ್ಲಾಸ್‌ಗಳಲ್ಲಿ ಮೊದಲು ಕಲಿಸುವುದು ಹೇಯಾನ್ ಶೊದಾನ್, 21 ಚಲನೆಗಳು. ಈ ಹೇಯಾನ್ ಕಟಾಗಳು ಐದಿವೆ. 20ನೇ ಶತಮಾನದ ಆರಂಭದಲ್ಲಿ ಜಪಾನಿನ ಒಕಿನಾವಾ ದ್ವೀಪದ ಅಂಕೊ ಇತೊಸು ಅವರು ಶಾಲಾ ಮಕ್ಕಳಿಗೆ ಕಲಿಸಲು ಹೊಂದಿಸಿದವು. ಅವರ ಹತ್ತಿರ ಕಲಿತ, ಶೊಟೊಕಾನ್ ಶೈಲಿಯ ಮೂಲಗುರು ಗಿಚಿನ್ ಫುನಾಕೊಶಿ 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆ ಪ್ರದರ್ಶಿಸಿ ಅಲ್ಲೇ ಉಳಿದು ಕಲಿಸಿದರು. ನಾವು ಹಾಕುವ ಬಿಳಿ ಡ್ರೆಸ್, ಬ್ಲ್ಯಾಕ್ ಬೆಲ್ಟ್, ಡಾನ್ ಲೆಕ್ಕ ಎಲ್ಲ ಜಿಗೊರೊ ಕಾನೊ ಅವರ ಜೂಡೊದಿಂದ ಬಂದದ್ದು. ಮಕ್ಕಳಿಗೆ ಅಂತ ಮಾಡಿದ್ದನ್ನೇ ದೊಡ್ಡವರೂ ಮೊದಲು ಕಲಿಯುತ್ತೇವೆ ಅನ್ನುವುದು ನನಗೆ ತುಂಬ ಧೈರ್ಯ ಕೊಟ್ಟಿತು.

ನಾನು ಈ ಕಟಾ ನೆನಪಿಟ್ಟುಕೊಂಡ ರೀತಿ ಹೀಗೆ. ಮೊದಲು ಕೈಗಳನ್ನು ಬಿಟ್ಟು ಬರೀ ಹೆಜ್ಜೆ ಮತ್ತು ತಿರುವು. ಅದು ಗಟ್ಟಿಯಾದ ಮೇಲೆ ಕೈ. ಆಮೇಲೆ ಬೇರೆ ಗೋಡೆಗೆ ಮುಖ ಮಾಡಿ ಶುರು ಮಾಡುವುದು, ಯಾಕೆಂದರೆ ನಮಗೆ ತಿಳಿಯದೆ ಕಿಟಕಿ, ಬಾಗಿಲು ಗುರುತು ಇಟ್ಟುಕೊಂಡು ತಿರುಗುತ್ತಿರುತ್ತೇವೆ. ಶುರು ಮಾಡಿದ ಜಾಗಕ್ಕೇ ಬಂದು ಮುಗಿಯಬೇಕು. ಬರದಿದ್ದರೆ ಎಲ್ಲೋ ಸ್ಟಾನ್ಸ್ ಉದ್ದ ಗಿಡ್ಡ ಆಗಿದೆ ಅಂತ ಅರ್ಥ.

ಬೆಲ್ಟ್ ಟೆಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಲ್ಯಾಕ್ ಬೆಲ್ಟ್‌ವರೆಗಿನ ಹಂತಗಳಿಗೆ ಕ್ಯು ಅಂತ ಹೆಸರು, ಅದರ ಅಂಕಿ ಇಳಿಯುತ್ತಾ ಹೋಗುತ್ತದೆ, 1ನೇ ಕ್ಯು ಆದ ಮೇಲೆ 1ನೇ ಡಾನ್. ನಡುವಿನ ಬಣ್ಣಗಳು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಥರ, ಅದಕ್ಕೆ ಬೇರೆ ಕ್ಲಾಸಿನವರ ಬೆಲ್ಟ್‌ಗೆ ನಮ್ಮದನ್ನು ಹೋಲಿಸಿ ಫಲವಿಲ್ಲ. ಟೆಸ್ಟ್ ದಿನ ನನ್ನ ಜೋಡಿ ಯಾರು ಅನ್ನುವುದು ನನ್ನ ಕೈಯಲ್ಲಿರಲಿಲ್ಲ. ಆದರೆ ಎಲ್ಲರೊಂದಿಗೂ ಅಭ್ಯಾಸ ಮಾಡಿದ್ದರಿಂದ ಅದು ಚಿಂತೆಯಾಗಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೇರುವ ಮೊದಲು ಒಂದು ಕ್ಲಾಸ್ ಪೂರ್ತಿ ಕುಳಿತು ನೋಡಿ. ದೊಡ್ಡ ಬೆಲ್ಟಿನವರು ವೈಟ್ ಬೆಲ್ಟ್ ಜೊತೆ ನಿಂತಾಗ ಹೇಗೆ ನಡೆದುಕೊಳ್ಳುತ್ತಾರೆ ಅಂತ ಗಮನಿಸಿ. ನಾನು ನೋಡಲು ಹೋದ ಒಂದು ಕಡೆ ಹಳೆಯ ವಿದ್ಯಾರ್ಥಿಗಳು ಹೊಸಬರ ಮೇಲೆ ಜೋರು ತೋರಿಸುತ್ತಿದ್ದರು, ಚಿಕ್ಕ ಹುಡುಗನೊಬ್ಬ ಹೊಟ್ಟೆ ಹಿಡಿದು ಕುಳಿತರೂ ಯಾರೂ ತಡೆಯಲಿಲ್ಲ. ಅಲ್ಲಿಂದ ಎದ್ದು ಬಂದೆ. ನೋವು ತಿಂದರೆ ಗಟ್ಟಿಯಾಗುತ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೆದರಿದ ಮಗು ಕಣ್ಣು ಬಿಡುವುದೇ ಇಲ್ಲ, ಇನ್ನು ಕಲಿಯುವುದೆಲ್ಲಿ?

ಕಟಾ ವಿಷಯಕ್ಕೆ ಮತ್ತೆ ಬರುತ್ತೇನೆ. ಹೇಯಾನ್ ಶೊದಾನ್‌ನ 4ನೇ ಚಲನೆಯಲ್ಲಿ ಮುಂದಿರುವ ಕೈಯನ್ನು ಮೈಯ ಕಡೆಗೆ ಎಳೆದು, ಮೇಲಿಂದ ಸುತ್ತಿಸಿ ಮುಷ್ಟಿಯ ಕೆಳಭಾಗದಿಂದ ಹೊಡೆಯುತ್ತೇವೆ. ಅದು ಯಾಕೆ ಹಾಗೆ ಅಂತ ನನಗೆ ಹೊಳೆದೇ ಇರಲಿಲ್ಲ, ಎಳೆಯುವುದು ಬರೀ ಕೈಯಿಂದ ಆಗುತ್ತಿತ್ತು. ಒಂದು ದಿನ ಮಾಸ್ಟರ್ ಆ ಎತ್ತರದವರನ್ನು ಕರೆದು ನನ್ನ ಮಣಿಕಟ್ಟು ಹಿಡಿಯಲು ಹೇಳಿದರು. ಅವರು ನಿಜವಾಗಿ ಹಿಡಿದರು. ಕೈಬಲದಿಂದ ಎಳೆದರೆ ಬಿಡಿಸಿಕೊಳ್ಳಲು ಆಗಲಿಲ್ಲ. ಮುಂದಿನ ಪಾದವನ್ನೂ ಒಟ್ಟಿಗೆ ಹಿಂದಕ್ಕೆ ತಂದು, ಸೊಂಟ ತಿರುಗಿಸಿ, ಅವರ ಹೆಬ್ಬೆರಳಿನ ಕಡೆಯಿಂದ ಜಾರಿಸಿದಾಗ ಕೈ ಹೊರಗೆ ಬಂತು. ಈಗ ಒಬ್ಬಳೇ ಕಟಾ ಮಾಡುವಾಗಲೂ ಆ 4ನೇ ಚಲನೆಯಲ್ಲಿ ನನ್ನ ಪಾದ, ಸೊಂಟ, ಕೈ ಒಟ್ಟಿಗೆ ಬರುತ್ತವೆ. ಎರಡನೇ ಕಟಾ ಹೇಯಾನ್ ನಿದಾನ್‌ಗೂ ಹೀಗೆಯೇ ಒಂದೊಂದು ಚಲನೆಗೆ ಯಾರನ್ನಾದರೂ ಎದುರಿಗೆ ನಿಲ್ಲಿಸಿಕೊಂಡು ಕಲಿಯುತ್ತಿದ್ದೇನೆ.