ಸಮುದ್ರ ಕಾಣದ ಮಕ್ಕಳಿಗೆ ಒಡಿಸ್ಸಿಯ ಕಡಲಭೂತಗಳ ಕಥೆ ಹೇಳೋದು ಹೇಗೆ

ಕಲಬುರಗಿ ಬೇಸಿಗೆ, ಮಾಳಿಗೆ ಮೇಲೆ ಹಾಸಿಗೆ, ಕರೆಂಟ್ ಹೋಗಿದೆ. ಗ್ರೀಕ್ ಕವಿ ಹೋಮರನ 'ಒಡಿಸ್ಸಿ' ಕಾವ್ಯದ ಕಥೆ ಹೇಳೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ. ಆದರೆ ಭೂತದಿಂದ ಶುರು ಮಾಡಬೇಡಿ. ಹೋದ ವರ್ಷ ನಾನು ಅದೇ ತಪ್ಪು ಮಾಡಿದೆ. ಆರು ತಲೆಯ ಸ್ಕಿಲ್ಲಾ ಅಂದ ಕೂಡಲೇ ಅಕ್ಕನ ಮಗ, "ಮಾಮಾ, ರಾವಣಗ ಹತ್ತು ತಲಿ ಅದಾವ, ಇದೇನು ಬಿಡು" ಅಂದ. ಕಥೆ ಅಲ್ಲಿಗೇ ಮುಗೀತು.

ಎಲ್ಪೆನರ್‌ನಿಂದ ಶುರು ಮಾಡಿ. ಯುದ್ಧ ಮುಗಿಸಿ ಕಡಲಲ್ಲಿ ಊರಿಗೆ ಮರಳುತ್ತಿರುವ ಕಥಾನಾಯಕ ಒಡಿಸ್ಯೂಸನ ಹಡಗಿನವರಲ್ಲಿ ಎಲ್ಲರಿಗಿಂತ ಚಿಕ್ಕವನು. ಜಾಸ್ತಿ ಕುಡಿದು, ತಂಪಿಗೆ ಅಂತ ಮಾಯಗಾತಿ ಕಿರ್ಕೆಯ ಮಾಳಿಗೆ ಮೇಲೆ ಮಲಗಿದ್ದ. ಗದ್ದಲಕ್ಕೆ ದಡಕ್ಕನೆ ಎದ್ದವನು ಏಣಿ ಮರೆತ, ಕೆಳಗೆ ಬಿದ್ದು ಕತ್ತು ಮುರಿದುಕೊಂಡ. ಇಷ್ಟಕ್ಕೇ ಅಂಚಿನಲ್ಲಿ ಮಲಗಿದವರು ನಡುವಿಗೆ ಸರಿಯುತ್ತಾರೆ, ನೋಡಿ. 11ನೇ ಭಾಗದಲ್ಲಿ, ಸತ್ತವರ ಲೋಕಕ್ಕೆ ಹೋದ ಒಡಿಸ್ಯೂಸನ ಮುಂದೆ ಅವನ ಪ್ರೇತ ಬಂದು ಬೇಡಿಕೊಳ್ಳುತ್ತದೆ: ನನ್ನನ್ನು ಸುಡಿ, ದಂಡೆಯಲ್ಲಿ ಮಣ್ಣಿನ ದಿಬ್ಬ ಮಾಡಿ, ಹಡಗಲ್ಲಿ ನಾನು ಹಿಡಿಯುತ್ತಿದ್ದ ಹುಟ್ಟುಗೋಲನ್ನು ಅದರ ಮೇಲೆ ನೆಡಿ. ಇಲ್ಲಿ ಅವಸರ ಮಾಡಬೇಡಿ. ಸಾವಿಗಿಂತ, ಸಮಾಧಿ ಇಲ್ಲದ ಸಾವೇ ಈ ಕಥೆಯವರಿಗೆ ದೊಡ್ಡ ಭಯ. ಕಡಲಲ್ಲಿ ಸತ್ತರೆ ದಿಬ್ಬ ಎಲ್ಲಿ ಮಾಡೋದು?

ಇದು ತಲೆಗೆ ಹೋದ ಮೇಲೆ 12ನೇ ಭಾಗ.

ಹಾಡಿನಿಂದ ಹಡಗಿನವರನ್ನು ಸೆಳೆದು ಸಾಯಿಸುವ ಸೈರನ್‌ಗಳಿಗೆ ಮೀನಿನ ಬಾಲ ಅಂಟಿಸಬೇಡಿ. ಹೋಮರ್ ಅವರ ರೂಪವನ್ನೇ ಹೇಳಿಲ್ಲ, ಹಳೆ ಗ್ರೀಕ್ ಮಡಕೆಗಳ ಚಿತ್ರದಲ್ಲಿ ಹಕ್ಕಿ ಮೈ, ಹೆಣ್ಣಿನ ತಲೆ. ಹಾಡು, ಅದು ಕೇಳದ ಹಾಗೆ ಹಡಗಿನವರ ಕಿವಿಗೆ ಮೇಣ, ಸುತ್ತ ಕೊಳೆತ ಗಂಡಸರ ಎಲುಬಿನ ರಾಶಿ, ಅಷ್ಟು ಸಾಕು. ಕ್ಯಾರಿಬ್ಡಿಸ್ ಇನ್ನೂ ಸುಲಭ: ಭೀಮಾ ನದಿಯ ಸುಳಿ ನೋಡಿದವರಿಗೆ, ಅದೇ ಸುಳಿ ದಿನಕ್ಕೆ ಮೂರು ಸಲ ಕಡಲನ್ನೇ ನುಂಗಿ ಮೂರು ಸಲ ಕಾರುತ್ತದೆ ಅನ್ನಿ.

ಸ್ಕಿಲ್ಲಾಗೆ ಮಾತ್ರ ಸಮಯ ಕೊಡಿ. ಹನ್ನೆರಡು ಕಾಲು, ಆರು ಉದ್ದ ಕತ್ತು, ಒಂದೊಂದು ಬಾಯಲ್ಲೂ ಮೂರು ಸಾಲು ಹಲ್ಲು. ಆದರೆ ದನಿ? ಆಗ ಹುಟ್ಟಿದ ನಾಯಿಮರಿಯದು. ಕತ್ತಲಲ್ಲಿ ಸಣ್ಣಗೆ ಕುಂಯ್ ಕುಂಯ್ ಅನ್ನಿ, ರಾವಣನ ಸುದ್ದಿ ಯಾರೂ ಎತ್ತಲ್ಲ. ಎಲ್ಲರೂ ಸುಳಿ ಕಡೆ ನೋಡುತ್ತಿರುವಾಗ ಮೇಲಿನಿಂದ ಆರು ಜನರನ್ನು ಎತ್ತಿಕೊಳ್ಳುತ್ತಾಳೆ. ಬಂಡೆ ಮೇಲೆ ಕೂತವನು ಗಾಳ ಹಾಕಿ ಎಳೆದ ಮೀನಿನ ಹಾಗೆ ಒದ್ದಾಡುತ್ತಾರೆ, ಒಡಿಸ್ಯೂಸನ ಹೆಸರು ಹಿಡಿದು ಕೂಗುತ್ತಾರೆ. ನಮ್ಮ ಹುಡುಗರು ಮೀನು ಹಿಡಿದವರೇ, ಗಾಳದ ಕಡೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಮತ್ತೆ ಹುಟ್ಟಿಗೆ ಬನ್ನಿ. ಸತ್ತ ಜ್ಯೋತಿಷಿ ಟೈರೀಸಿಯಸ್ ಒಡಿಸ್ಯೂಸನಿಗೆ ಹೇಳುತ್ತಾನೆ: ಹುಟ್ಟು ಹೆಗಲಿಗೆ ಹಾಕಿಕೊಂಡು ಒಳನಾಡಿಗೆ ನಡಿ, ಕಡಲೇ ಗೊತ್ತಿಲ್ಲದ, ಊಟಕ್ಕೆ ಉಪ್ಪು ಹಾಕದ ಜನ ಇರುವಲ್ಲಿಗೆ, ಯಾರಾದರೂ ಅದನ್ನು ನೋಡಿ ಕಾಳು ತೂರೋ ಸಲಿಕೆ ಅನ್ನೋವರೆಗೆ. ಅಲ್ಲೇ ಅದನ್ನು ನೆಟ್ಟು ಪೂಜೆ ಮಾಡಬೇಕು. ತೊಗರಿ ರಾಶಿ ಮಾಡೋ ಕಣ ಕಂಡ ಮಕ್ಕಳು "ಅಂದ್ರ ನಮ್ಮೂರಿಗೇ ಬಂದನಾ?" ಅಂತ ಕೇಳಿಯೇ ಕೇಳುತ್ತಾರೆ. ಹೂಂ ಅನ್ನಬೇಡಿ, ಉಪ್ಪು ಇಲ್ಲದ ಸಾರು ನಮ್ಮಲ್ಲಿ ಯಾರು ತಿಂತಾರೆ ಅಂತ ವಾಪಸ್ ಕೇಳಿ.

ನಿನ್ನ ಸಾವು ಮೆಲ್ಲಗೆ ಬರುತ್ತದೆ ಅಂತಲೂ ಟೈರೀಸಿಯಸ್ ಹೇಳಿರುತ್ತಾನೆ. ಆ ಸಾವು ಎಲ್ಲಿಂದ ಅನ್ನೋ ಗ್ರೀಕ್ ಮಾತಿಗೆ 'ಕಡಲಿಂದ ದೂರ' ಅಂತಲೂ 'ಕಡಲಿಂದಲೇ' ಅಂತಲೂ ಅರ್ಥ ಬರುತ್ತದೆ. ಆಮೇಲಿನ ಕಥೆಯೊಂದರಲ್ಲಿ ಕಿರ್ಕೆಗೆ ಹುಟ್ಟಿದ ಮಗ ಟೆಲಿಗೋನಸ್, ಅಪ್ಪ ಅಂತ ಗೊತ್ತಿಲ್ಲದೆ, ತೊರಕೆ ಮೀನಿನ ಮುಳ್ಳು ಕಟ್ಟಿದ ಈಟಿಯಿಂದ ಒಡಿಸ್ಯೂಸನನ್ನೇ ತಿವಿಯುತ್ತಾನೆ. ಇದನ್ನು ಮಲಗೋ ಹೊತ್ತಲ್ಲಿ ಹೇಳಬೇಡಿ. ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿ.