ಪಾಸ್‌ವರ್ಡ್ ಬದಲಿಸಿದ್ದು ಫೋನಿಗೂ ಗೊತ್ತಾಗಬೇಕು

ಇಮೇಲ್ ಪಾಸ್‌ವರ್ಡ್ ಬದಲಿಸೋದು ಎರಡು ನಿಮಿಷದ ಕೆಲಸ. ಅದಾದ ಮೇಲೆ ಉಳಿಯುವ ಕೆಲಸವೇ ಜಾಸ್ತಿ. ಹಳೆ ಪಾಸ್‌ವರ್ಡನ್ನು ನಾವು ಮರೆತರೂ ಫೋನು ಮರೆಯುವುದಿಲ್ಲ. ಅದು ತನ್ನ ಪಾಡಿಗೆ ಹಳೆಯದನ್ನೇ ಹಿಡಿದುಕೊಂಡು ಸರ್ವರ್‌ನ, ಅಂದರೆ ನಮ್ಮ ಮೇಲ್ ಇಟ್ಟುಕೊಂಡಿರುವ ದೂರದ ಕಂಪ್ಯೂಟರ್‌ನ, ಬಾಗಿಲು ಬಡಿಯುತ್ತಲೇ ಇರುತ್ತದೆ. ಒಂದು ಅಕೌಂಟ್ ನಾಲ್ಕೈದು ಕಡೆ ತೆರೆದಿದ್ದರೆ ಎಲ್ಲ ಕಡೆಯೂ ಇದೇ ಪಾಡು. ಹಾಗಾಗಿ ನಾನು ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದೆ ಎಂದು ಬರೆಯುತ್ತಿದ್ದೇನೆ.

ಶಿರಸಿ ಹತ್ತಿರ, ಅಡಿಕೆ ತೋಟದ ಪಕ್ಕ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಯಾಣ, ಉಂಚಳ್ಳಿ, ಬನವಾಸಿ ನೋಡಲು ಬರುವವರು ಉಳಿದುಕೊಳ್ಳುತ್ತಾರೆ. ಬುಕಿಂಗ್‌ಗೆ ನಮ್ಮದೇ ಹೆಸರಿನ ವೆಬ್‌ಸೈಟ್, ಅದರದ್ದೇ ಇಮೇಲ್. ಜಿಮೇಲ್ ಬೇರೆ, ಅದು ನನ್ನ ಸ್ವಂತದ್ದು. ಬುಕಿಂಗ್ ನೋಡಿಕೊಳ್ಳುತ್ತಿದ್ದ ಹುಡುಗ ಒಳ್ಳೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ತುಂಬಾ ನಂಬಿಕಸ್ಥ. ಆದರೂ ಅತಿಥಿಗಳು ಕಳಿಸಿದ ಗುರುತಿನ ಚೀಟಿಯ ಫೋಟೋ, ಫೋನ್ ನಂಬರ್ ಎಲ್ಲ ಆ ಮೇಲ್‌ನಲ್ಲೇ ಇರುತ್ತವೆ. ಕೆಲಸ ಬಿಟ್ಟವರ ಕೈಯಲ್ಲಿ ಅದು ಇರಬಾರದು. ಇದು ಅವನ ಮೇಲಿನ ಅನುಮಾನದ ಮಾತಲ್ಲ, ಅತಿಥಿಗಳ ಬಗ್ಗೆ ನಮಗಿರುವ ಜವಾಬ್ದಾರಿ.

ಮೊದಲು ಒಂದು ಹಾಳೆ ತಗೊಂಡು ಕೂತೆ. ಈ ಮೇಲ್ ಎಲ್ಲೆಲ್ಲಿ ತೆರೆದಿದೆ? ನನ್ನ ಫೋನು, ನಮ್ಮನೆಯವರ ಫೋನು, ಬೆಂಗಳೂರಲ್ಲಿರುವ ತಮ್ಮನ ಐಫೋನು, ಜಗಲಿ ಕೋಣೆಯ ಕಂಪ್ಯೂಟರ್, ಆ ಹುಡುಗನ ಫೋನು. ಹಳೆ ಟ್ಯಾಬ್ ಒಂದು ಕಪಾಟಿನಲ್ಲಿತ್ತು. ಅದನ್ನೂ ಚಾರ್ಜ್ ಮಾಡಿ ನೋಡಿದೆ, ಅದರಲ್ಲೂ ಇತ್ತು.

ಈ ಪಟ್ಟಿ ಯಾಕೆ ಮುಖ್ಯ ಅಂತ ಕುಮಟಾದಲ್ಲಿ ಅತ್ತಿಗೆಯ ಮನೆಯಲ್ಲಿ ನೋಡಿದ್ದೆ. ಅವರು ಪಾಸ್‌ವರ್ಡ್ ಬದಲಿಸಿದರು, ಕೈಯಲ್ಲಿದ್ದ ಫೋನಿಗೆ ಹೊಸದನ್ನು ಹಾಕಿದರು, ಎಲ್ಲ ಸರಿ ಇತ್ತು. ಸ್ವಲ್ಪ ಹೊತ್ತಿಗೆ ಮೇಲ್ ಬರೋದೇ ನಿಂತಿತು. ವೆಬ್‌ಸೈಟೂ ತೆರೆಯಲಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿದರೆ ಮಾತ್ರ ಎಲ್ಲ ಸರಿ. ಮನೆಯಲ್ಲೇ ಇದ್ದ ಇನ್ನೊಂದು ಫೋನು ಹಳೆ ಪಾಸ್‌ವರ್ಡನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಯಾರೋ ಕಳ್ಳರು ಪಾಸ್‌ವರ್ಡ್ ಊಹೆ ಮಾಡುತ್ತಿದ್ದಾರೆ ಎಂದುಕೊಂಡ ಸರ್ವರ್ ಆ ಮನೆಯ ಇಂಟರ್ನೆಟ್ ವಿಳಾಸವನ್ನೇ ತಡೆದಿತ್ತು. ಒಂದೇ ವೈಫೈಯಲ್ಲಿರುವ ಎಲ್ಲ ಫೋನುಗಳೂ ಹೊರಗಿನವರಿಗೆ ಒಂದೇ ವಿಳಾಸದಲ್ಲಿ ಕಾಣುತ್ತವೆ ಅಲ್ವಾ? ಒಂದು ಫೋನು ಮಾಡಿದ್ದಕ್ಕೆ ಇಡೀ ಮನೆಗೆ ಶಿಕ್ಷೆ.

ಅದಕ್ಕೇ ನಾನು ಪಾಸ್‌ವರ್ಡ್ ಮುಟ್ಟುವ ಮೊದಲೇ ಎಲ್ಲ ಕಡೆ ಸಿಂಕ್, ಅಂದರೆ ಫೋನು ತಾನಾಗಿ ಮೇಲ್ ತರಿಸಿಕೊಳ್ಳೋದನ್ನು, ನಿಲ್ಲಿಸಿದೆ. ಹೋಮ್‌ಸ್ಟೇ ಮೇಲನ್ನೂ ಫೋನಿನಲ್ಲಿ ತೆರೆಯೋದು ಜಿಮೇಲ್ ಆಪ್‌ನಲ್ಲೇ. ಆಂಡ್ರಾಯ್ಡ್‌ನ ಜಿಮೇಲ್ ಆಪ್‌ನಲ್ಲಿ ಮೇಲಿನ ಮೂರು ಗೆರೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಹೋಮ್‌ಸ್ಟೇ ಅಕೌಂಟ್ ಆರಿಸಿ, 'ಸಿಂಕ್ ಫ್ರೀಕ್ವೆನ್ಸಿ' ಎಂಬಲ್ಲಿ 'ನೆವರ್' ಇಟ್ಟೆ. ಐಫೋನಿನಲ್ಲಿ ಆ ಅಕೌಂಟಿನ 'ಮೇಲ್' ಸ್ವಿಚ್ ಆಫ್ ಮಾಡಲು ತಮ್ಮನಿಗೆ ಫೋನಲ್ಲೇ ಹೇಳಿದೆ. ಟ್ಯಾಬ್‌ನಿಂದ ಅಕೌಂಟನ್ನೇ ತೆಗೆದೆ. ಹುಡುಗನಿಗೂ ಫೋನ್ ಮಾಡಿ, "ತಮ್ಮಾ, ನಿನ್ನ ಫೋನಿಂದ ಹೋಮ್‌ಸ್ಟೇ ಮೇಲ್ ತೆಗೆದುಬಿಡು" ಅಂದೆ. "ಆಯ್ತು ಅಕ್ಕಾ, ಈಗ್ಲೇ ತೆಗೆದೆ" ಅಂದ. ಈ ಫೋನ್ ಕರೆ ಬೇಕೇ ಬೇಕು. ಪಾಸ್‌ವರ್ಡ್ ಬದಲಿಸಿದರೆ ಹೊಸ ಮೇಲ್ ಬರೋದು ನಿಲ್ಲುತ್ತದೆ ಅಷ್ಟೇ. ಆಗಲೇ ಫೋನಿಗೆ ಇಳಿದಿರುವ ಹಳೆ ಮೇಲ್‌ಗಳು ಅಕೌಂಟ್ ತೆಗೆಯುವ ತನಕ ಅಲ್ಲೇ ಉಳಿದಿರಬಹುದು.

ದಿನ ಆರಿಸಿಕೊಂಡಿದ್ದು ವಾರದ ನಡುವಿನದ್ದು. ಶನಿವಾರ, ಭಾನುವಾರ ಬುಕಿಂಗ್ ಕೇಳುವವರು ಜಾಸ್ತಿ. ಮಳೆಗಾಲ ಬೇರೆ, ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಫೋನೆಲ್ಲ ಫುಲ್ ಚಾರ್ಜ್ ಮಾಡಿಕೊಂಡೇ ಶುರು ಮಾಡಿದೆ.

ಹೊಸ ಪಾಸ್‌ವರ್ಡ್ ಏನಿಡೋದು? ಊರ ಹೆಸರು, ಮನೆ ಹೆಸರು, ಇಸವಿ ಬೇಡ. ನಮ್ಮನ್ನು ಬಲ್ಲವರು ಯಾರಾದರೂ ಊಹಿಸಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದೆ, ನಡುವೆ ಒಂದು ಅಂಕೆ, ಒಂದು ಚಿಹ್ನೆ. ಪದ ಆರಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಸೂಜಿ ಅಂತ ಇಟ್ಟರೆ ಒಬ್ಬರು 'ಯು' ಹಾಕುತ್ತಾರೆ, ಇನ್ನೊಬ್ಬರು ಎರಡು 'ಓ' ಹಾಕುತ್ತಾರೆ. ಅಡಿಕೆ ಅಂದರೆ ನಮ್ಮಲ್ಲೇ ಅರ್ಧ ಜನ ಅಡಕೆ ಅನ್ನುತ್ತಾರೆ. ಮರ, ಹಲಸು, ಇಂಥ ಒಂದೇ ರೀತಿ ಬರೆಯುವ ಪದ ಒಳ್ಳೆಯದು. ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡುವ ಆಸೆ ನನಗೂ ಇತ್ತು. ಆದರೆ ಅದು ಎಲ್ಲ ಕಡೆ ನಡೆಯಲ್ಲ, ಜಿಮೇಲ್ ನಡೆಸುವ ಗೂಗಲ್ ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆಗಳನ್ನು ಮಾತ್ರ ಒಪ್ಪುತ್ತದೆ.

ಬ್ರೌಸರ್‌ನಲ್ಲಿ ಹೋಮ್‌ಸ್ಟೇ ಮೇಲ್ ತೆರೆಯುವ ಪುಟಕ್ಕೆ, ಅಂದರೆ ವೆಬ್‌ಮೇಲ್‌ಗೆ ಹೋಗಿ ಪಾಸ್‌ವರ್ಡ್ ಬದಲಿಸಿದೆ. ಅಲ್ಲಿಗೆ ಸುಲಭದ ಭಾಗ ಮುಗಿಯಿತು.

ಈಗ ಫೋನು. ಮತ್ತೆ ಅದೇ ದಾರಿ: ಜಿಮೇಲ್ ಆಪ್, ಸೆಟ್ಟಿಂಗ್ಸ್, ಹೋಮ್‌ಸ್ಟೇ ಅಕೌಂಟ್. ಕೆಳಗೆ ಹೋದರೆ 'ಇನ್‌ಕಮಿಂಗ್ ಸೆಟ್ಟಿಂಗ್ಸ್', 'ಔಟ್‌ಗೋಯಿಂಗ್ ಸೆಟ್ಟಿಂಗ್ಸ್' ಅಂತ ಎರಡು ಸಿಗುತ್ತವೆ. ಹೆಚ್ಚಿನವರು ಎಡವೋದು ಇಲ್ಲೇ. ಮೇಲ್ ಬರಲು ಒಂದು ಸರ್ವರ್, ಹೋಗಲು ಇನ್ನೊಂದು. ಪಾಸ್‌ವರ್ಡ್ ಒಂದೇ ಆದರೂ ಫೋನು ಅದನ್ನು ಎರಡು ಕಡೆ ಬೇರೆ ಬೇರೆ ಬರೆದಿಟ್ಟುಕೊಂಡಿರುತ್ತದೆ. ಇನ್‌ಕಮಿಂಗ್‌ನಲ್ಲಿ ಮಾತ್ರ ಬದಲಿಸಿದರೆ ಮೇಲ್ ಚೆನ್ನಾಗಿ ಬರುತ್ತಿರುತ್ತದೆ. ನಾವು ಬರೆದ ಉತ್ತರ ಮಾತ್ರ ಔಟ್‌ಬಾಕ್ಸ್‌ನಲ್ಲಿ ಕೂತಿರುತ್ತದೆ. ಹುಬ್ಬಳ್ಳಿಯಿಂದ ರೂಮ್ ಕೇಳಿದವರು, ಇವರು ಉತ್ತರವನ್ನೇ ಕೊಡಲಿಲ್ಲ ಎಂದು ಬೇರೆ ಕಡೆ ಬುಕ್ ಮಾಡಿಬಿಡುತ್ತಾರೆ. ಎರಡೂ ಕಡೆ ಹೊಸದನ್ನು ಹಾಕಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಆ ಪುಟದಲ್ಲಿ ಸರ್ವರ್ ಹೆಸರು, ಪೋರ್ಟ್ ನಂಬರ್ ಕೂಡ ಕಾಣುತ್ತದೆ. ಸಾಮಾನ್ಯವಾಗಿ ಬರುವುದಕ್ಕೆ 993, ಹೋಗುವುದಕ್ಕೆ 465 ಅಥವಾ 587. ಅದನ್ನೆಲ್ಲ ಮುಟ್ಟಲೇಬೇಡಿ, ಪಾಸ್‌ವರ್ಡ್ ಸಾಲು ಒಂದನ್ನೇ ಅಳಿಸಿ ಬರೆಯಿರಿ. ಬರೆಯುವಾಗ ಪಕ್ಕದ ಕಣ್ಣಿನ ಗುರುತು ಒತ್ತಿ ಅಕ್ಷರ ನೋಡಿಕೊಳ್ಳಿ. ಬೇರೆ ಕಡೆಯಿಂದ ಕಾಪಿ ಮಾಡಿ ಹಾಕಿದರೆ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬರೋದುಂಟು. ಕಣ್ಣಿಗೆ ಕಾಣದ ಆ ಜಾಗದಿಂದಲೂ ಪಾಸ್‌ವರ್ಡ್ ತಪ್ಪು ಅಂತ ಬರುತ್ತದೆ.

ತಮ್ಮನಿಗೆ ಪಾಸ್‌ವರ್ಡನ್ನು ಮೆಸೇಜ್ ಮಾಡಲಿಲ್ಲ. ಫೋನಲ್ಲಿ ಒಂದೊಂದೇ ಅಕ್ಷರ ಹೇಳಿದೆ. ಹೊಸ ಐಫೋನ್‌ಗಳಲ್ಲಿ ಸೆಟ್ಟಿಂಗ್ಸ್, ಆಪ್ಸ್, ಮೇಲ್, ಮೇಲ್ ಅಕೌಂಟ್ಸ್ ಎಂದು ಹೋಗಬೇಕು. ಅಕೌಂಟ್ ಒಳಗೆ ಪಾಸ್‌ವರ್ಡ್ ಸಾಲು ಇದೆ. ಅದರ ಕೆಳಗೆ 'ಎಸ್‌ಎಂಟಿಪಿ' (ಮೇಲ್ ಹೋಗುವ ದಾರಿ) ಅಂತ ಇರುವುದನ್ನು ಒತ್ತಿ, ಪ್ರೈಮರಿ ಸರ್ವರ್ ತೆರೆದು, ಅಲ್ಲೂ ಬರೆಯಬೇಕು.

ಅಂಗಡಿಯಲ್ಲಿ ಕೇಳಿದರೆ, ಅಕೌಂಟ್ ತೆಗೆದು ಹೊಸದಾಗಿ ಹಾಕಿ ಅಂತಾರೆ. ಫೋನು ಮೇಲ್ ತರಿಸಿಕೊಳ್ಳುವ ರೀತಿ ಎರಡು, ಐಮ್ಯಾಪ್ ಮತ್ತು ಪಾಪ್. ಐಮ್ಯಾಪ್ ಆಗಿದ್ದರೆ ತೊಂದರೆ ಇಲ್ಲ, ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಮತ್ತೆ ಇಳಿಯುತ್ತದೆ. ಪಾಪ್ ಆಗಿದ್ದರೆ ಹುಷಾರು. ಆಗ ಹಳೆ ಮೇಲ್‌ಗಳು ಆ ಫೋನಿನಲ್ಲಿ ಮಾತ್ರ ಉಳಿದಿರುವ ಸಾಧ್ಯತೆ ಇದೆ, ಅಕೌಂಟ್ ತೆಗೆದರೆ ಅವೂ ಹೋದವು.

ಒಂದು ಫೋನ್ ಮುಗಿದ ಮೇಲೆ ಅದರಿಂದ ನನ್ನ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಅಲ್ಲಿಂದ ಉತ್ತರ ತರಿಸಿ, ಆಮೇಲೇ ಸಿಂಕ್ ಹಾಕಿ ಮುಂದಿನದಕ್ಕೆ ಹೋದೆ. ಎಲ್ಲ ಒಟ್ಟಿಗೆ ಶುರು ಮಾಡಿದರೆ ಯಾವುದು ಕೆಟ್ಟಿದೆ ಅಂತ ಗೊತ್ತಾಗೋದಿಲ್ಲ.

ಅದೇ ಕೈಯಲ್ಲಿ ಜಿಮೇಲ್‌ನದ್ದೂ ಬದಲಿಸಿದೆ. ಹೋಮ್‌ಸ್ಟೇ ಮೇಲ್‌ನ ಪಾಸ್‌ವರ್ಡ್ ಮರೆತರೆ ಲಿಂಕ್ ಬರೋದು ಅಲ್ಲಿಗೇ. ಆಂಡ್ರಾಯ್ಡ್‌ನಲ್ಲಿ ಇದು ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದೆ: ಗೂಗಲ್, 'ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್', ಸೆಕ್ಯುರಿಟಿ, ಪಾಸ್‌ವರ್ಡ್. ಕಂಪ್ಯೂಟರ್‌ನ ಮೇಲ್ ಪ್ರೋಗ್ರಾಂನಲ್ಲಿ ಜಿಮೇಲ್‌ಗೆ 16 ಅಕ್ಷರದ ಆಪ್ ಪಾಸ್‌ವರ್ಡ್ ಹಾಕಿದ್ದೆ, ಅಂದರೆ ಇಂಥ ಪ್ರೋಗ್ರಾಂಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್. ಮುಖ್ಯ ಪಾಸ್‌ವರ್ಡ್ ಬದಲಿಸಿದ ಕೂಡಲೇ ಗೂಗಲ್ ಅದನ್ನೂ ರದ್ದು ಮಾಡುತ್ತದೆ, ಹೊಸದನ್ನು ತೆಗೆದು ಹಾಕಬೇಕಾಯಿತು. ನಮ್ಮ ಕಡೆ ಮನೆ ಒಳಗೆ ಮೊಬೈಲ್ ಸಿಗ್ನಲ್ ಕಮ್ಮಿ, ಒಟಿಪಿಗೆ ಅಂಗಳಕ್ಕೆ ಹೋಗಬೇಕು. ಅದಕ್ಕೆ ಒಟಿಪಿ ಬದಲಿಗೆ ಬಳಸಲು ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಹಾಳೆಯಲ್ಲಿ ಬರೆದು ತಿಜೋರಿಯಲ್ಲಿಟ್ಟೆ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ, ಬಳಸಿದ್ದಕ್ಕೆ ಗೀಟು ಹಾಕಿ.

ಇನ್ನೊಂದು ಉಳಿದಿತ್ತು, ಫಾರ್ವರ್ಡಿಂಗ್. ಬಂದ ಮೇಲ್‌ನ ಪ್ರತಿ ಬೇರೆ ವಿಳಾಸಕ್ಕೆ ತಾನಾಗಿ ಹೋಗುವಂತೆ ಇಟ್ಟಿದ್ದರೆ, ಪಾಸ್‌ವರ್ಡ್ ಬದಲಿಸಿದರೂ ಅದು ನಿಲ್ಲುವುದಿಲ್ಲ. ಜಿಮೇಲ್‌ನಲ್ಲಿ ಇದು ಫೋನ್ ಆಪ್‌ನಲ್ಲಿ ಸಿಗಲ್ಲ, ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ನೋಡಬೇಕು. ಹೋಮ್‌ಸ್ಟೇ ವೆಬ್‌ಮೇಲ್‌ನಲ್ಲಿ ನೋಡಿದರೆ, ರಜೆಗೆ ಹೋಗುವಾಗ ಕೆಲಸ ನಿಲ್ಲಬಾರದು ಅಂತ ಹುಡುಗ ತನ್ನ ಸ್ವಂತ ಮೇಲ್‌ಗೆ ಪ್ರತಿ ಹೋಗುವಂತೆ ಇಟ್ಟಿದ್ದು ಹಾಗೇ ಇತ್ತು. ಆ ಸಾಲನ್ನು ಅಳಿಸಿದೆ, ಅವನಿಗೂ ತಿಳಿಸಿದೆ.