ಕಾಳುಮೆಣಸಿನೊಳಗಿನ ನೀರು: ನನ್ನ ಅನುಭವ

ನಿನ್ನ ಪಿಎಚ್‌ಡಿ ಯಾವುದರ ಮೇಲೆ ಅಂತ ಊರಲ್ಲಿ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ: ಸಣ್ಣ ತೂತುಗಳೊಳಗೆ ಸಿಕ್ಕಿಕೊಂಡ ನೀರು ಏನು ಮಾಡುತ್ತೆ ಅಂತ ನೋಡೋದು. ಕಣ್ಣಿಗೆ ಕಾಣುವ ತೂತಲ್ಲ. ಗಾಜಿನ ಜಾತಿಯ ಒಂದು ಪುಡಿ, ಅದರೊಳಗೆ ಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೂತುಗಳು. ಅಲ್ಲಿ ಸೇರಿದ ನೀರಿನ ಅಣುಗಳು ವಿದ್ಯುತ್ ಕ್ಷೇತ್ರ ಅತ್ತಿತ್ತ ತಿರುಗಿದಾಗ ಎಷ್ಟು ಬೇಗ ತಿರುಗುತ್ತವೆ, ಬಿಸಿ ಮಾಡಿದರೆ ಹೇಗೆ, ತಣ್ಣಗೆ ಮಾಡಿದರೆ ಹೇಗೆ. ಐದೂವರೆ ವರ್ಷ ಇದನ್ನೇ ಅಳೆದೆ.

"ಅದರಿಂದ ಯಾರಿಗೆ ಎಂತ ಉಪಯೋಗ ಮಾರಾಯ?" ಅಂತ ಚಿಕ್ಕಪ್ಪ ಕೇಳಿದ್ದರು. ಹಂಗಿಸಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯೋಣ ಅಂತ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪನಿಗೆ ಬೆನ್ನು ನೋವು ಜಾಸ್ತಿಯಾಗಿ ತೋಟ ನೋಡಿಕೊಳ್ಳಲು ಆಗದೆ ಹೋದಾಗ ನಾನು ಊರಿಗೆ ಬಂದೆ. ನಮ್ಮದು ತೀರ್ಥಹಳ್ಳಿ ಕಡೆ. ಸಣ್ಣ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ. ಅಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆವು. ಆ ಯಂತ್ರದ ಸದ್ದು ಕೇಳುತ್ತಾ ಹೊರಗೆ ಕೂತಿದ್ದಾಗ ಅನ್ನಿಸಿದ್ದು ಇಷ್ಟು. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಅನ್ನುವವರು, ಬೇರೆ ಬೇರೆ ಕಡೆ ಕೂತು, ಒಬ್ಬರು ನೀರಿನಲ್ಲಿ, ಇನ್ನೊಬ್ಬರು ಪ್ಯಾರಫಿನ್ ಮೇಣದಲ್ಲಿ, ಹೈಡ್ರೋಜನ್ ಪರಮಾಣುವಿನ ಬೀಜದ (ನ್ಯೂಕ್ಲಿಯಸ್) ಪುಟ್ಟ ಅಯಸ್ಕಾಂತ ಹೇಗೆ ಓಲಾಡುತ್ತೆ ಅಂತ ಪತ್ತೆ ಮಾಡಿದರು. 1952ರಲ್ಲಿ ನೊಬೆಲ್ ಕೂಡ ಬಂತು. ಆದರೆ ಅದೇ ವಿದ್ಯೆ ಮನುಷ್ಯನ ಮೈಯೊಳಗಿನ ಚಿತ್ರ ತೆಗೆಯುವ ಹಂತಕ್ಕೆ ಬಂದಿದ್ದು 1970ರ ದಶಕದ ಕೊನೆಗೆ. ಮೂವತ್ತು ವರ್ಷ! ನಡುವೆ ಎಷ್ಟು ಜನ ಎಷ್ಟು ಸಣ್ಣಪುಟ್ಟ ತೊಡಕು ಬಿಡಿಸಿರಬೇಕು. ಅವರ ಹೆಸರು ಯಾರಿಗೂ ನೆನಪಿಲ್ಲ. ಅಪ್ಪನ ಬೆನ್ನುಮೂಳೆಯ ಫಿಲ್ಮ್ ಮಾತ್ರ ನನ್ನ ಕೈಯಲ್ಲಿತ್ತು.

ಆ ವರ್ಷ ನಾವು ಮೆಣಸು ಮಾರಲು ಹೋದಾಗ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವ್ಯಾಪಾರಿ ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿದರು. ತಳದಿಂದ ನಾಲ್ಕು ಕಾಳು ತೆಗೆದು ಒಂದನ್ನು ಹಲ್ಲಿಗೆ ಹಾಕಿ ಕಡಿದರು. "ತೇವ ಇದೆ" ಅಂದರು. ಅಷ್ಟೇ. ಕ್ವಿಂಟಾಲಿಗೆ ಇಷ್ಟು ಕೆಜಿ ಅಂತ ಕಳೆದರು. ಅವರು ಹೇಳಿದ್ದು ನಿಜವೋ ಸುಳ್ಳೋ ಅಂತ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅಪ್ಪ ಸುಮ್ಮನೆ ತಲೆಯಾಡಿಸಿದರು. ನನಗೆ ಸಿಟ್ಟು ಬಂದಿದ್ದು ವ್ಯಾಪಾರಿಯ ಮೇಲಲ್ಲ, ನನ್ನ ಮೇಲೆ. ಒಣಗಿದ ವಸ್ತುವಿನೊಳಗೆ ನೀರು ಎಷ್ಟಿದೆ, ಹೇಗಿದೆ ಅನ್ನುವುದನ್ನೇ ಐದೂವರೆ ವರ್ಷ ಓದಿದವನು ನಾನು, ಬಾಯಿ ಮುಚ್ಚಿ ನಿಂತಿದ್ದೆ.

ಬಳ್ಳಿಯಿಂದ ಕೊಯ್ದ ಹಸಿ ಕಾಳಿನಲ್ಲಿ ಮೂರನೇ ಎರಡು ಪಾಲಿನಷ್ಟು ನೀರೇ. ಕೊಯ್ದು, ಬಿಡಿಸಿ, ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು (ಬಣ್ಣ ಚೆನ್ನಾಗಿ ಕಪ್ಪಾಗುತ್ತೆ, ಬೇಗ ಒಣಗುತ್ತೆ), ಟಾರ್ಪಾಲಿನ ಮೇಲೆ ನಾಲ್ಕೈದು ದಿನ ಬಿಸಿಲಿಗೆ ಹರಡಿ, ನೂರಕ್ಕೆ 11ರ ಆಸುಪಾಸಿಗೆ ತರಬೇಕು. ಜಾಸ್ತಿ ತೇವ ಉಳಿದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮೂಟೆಯೊಳಗೇ ಬೂಷ್ಟು ಹಿಡಿಯುತ್ತೆ. ತೀರಾ ಒಣಗಿಸಿದರೆ ತೂಕ ಹೋಗುತ್ತೆ, ಅದೂ ನಷ್ಟವೇ.

ನನ್ನ ಮೊದಲ ಯೋಚನೆ ಸರಳವಾಗಿತ್ತು. 1837ರಲ್ಲಿ ಫ್ಯಾರಡೆ ಎರಡು ಹಿತ್ತಾಳೆ ಗೋಳಗಳನ್ನು ಒಂದರೊಳಗೊಂದು ಇಟ್ಟು, ನಡುವೆ ಅರಗು, ಗಂಧಕ, ಗಾಜು ತುಂಬಿ ನೋಡಿದರು. ನಡುವೆ ಏನು ತುಂಬಿದ್ದೀರಿ ಅನ್ನುವುದರ ಮೇಲೆ ಅದು ಹಿಡಿದಿಡುವ ವಿದ್ಯುತ್ ಬದಲಾಗುತ್ತೆ ಅಂತ ತೋರಿಸಿದರು. ಒಣಗಿದ ಸಿಪ್ಪೆ, ಪಿಷ್ಟದಂಥ ವಸ್ತುವಿಗೆ ಈ ಗುಣದ ಅಂಕಿ ಎರಡರಿಂದ ಐದರ ಒಳಗೆ. ನೀರಿಗೆ 80! ಅಂದರೆ ಸ್ವಲ್ಪ ನೀರು ಇದ್ದರೂ ಅದು ಎದ್ದು ಕಾಣಬೇಕು. ನಾನು ಗೋಳದ ಬದಲು ಎರಡು ಸ್ಟೀಲ್ ಡಬ್ಬಿ ತಂದೆ. ದೊಡ್ಡದರೊಳಗೆ ಸಣ್ಣದು, ತಳಕ್ಕೆ ಪ್ಲಾಸ್ಟಿಕ್ ಹಲಗೆ, ನಡುವಿನ ಜಾಗಕ್ಕೆ ಮೆಣಸು ಸುರಿಯುವುದು. ಒಂದು ಸಣ್ಣ ಆಸಿಲೇಟರ್ ಸರ್ಕ್ಯೂಟ್, ಅಂದರೆ ವಿದ್ಯುತ್ತನ್ನು ಸೆಕೆಂಡಿಗೆ ಇಷ್ಟು ಸಲ ಅಂತ (ಅದೇ ಫ್ರೀಕ್ವೆನ್ಸಿ) ಅತ್ತಿತ್ತ ಓಡಾಡಿಸುವುದು. ಡಬ್ಬಿಯಲ್ಲಿ ತೇವ ಜಾಸ್ತಿಯಾದರೆ ಅದರ ಫ್ರೀಕ್ವೆನ್ಸಿ ಇಳಿಯುತ್ತೆ. ಅಡುಗೆಮನೆಯ ಮೇಜಿನ ಮೇಲೆ ಎರಡು ವಾರದಲ್ಲಿ ತಯಾರಾಯಿತು.

ಕೆಲಸ ಮಾಡಲಿಲ್ಲ.

ಮೊದಲನೆಯದಾಗಿ, ಡಬ್ಬಿಯ ಹತ್ತಿರ ಕೈ ತಂದರೆ ಸಾಕು, ಅಂಕಿ ಓಡುತ್ತಿತ್ತು. ನಮ್ಮ ಮೈ ಕೂಡ ನೀರಿನ ಚೀಲ ಅಲ್ವಾ. ಹೊರಗಿನ ಡಬ್ಬಿಯನ್ನು ಗ್ರೌಂಡ್‌ಗೆ ಸೇರಿಸಿ, ವೈರನ್ನು ಗಿಡ್ಡ ಮಾಡಿದ ಮೇಲೆ ಅದು ನಿಂತಿತು. ಎರಡನೆಯದು, ನಾನು ಇಟ್ಟುಕೊಂಡಿದ್ದ ಫ್ರೀಕ್ವೆನ್ಸಿ ತೀರಾ ಕಡಿಮೆ. ಅಲ್ಲಿ ಕಾಳಿನೊಳಗಿನ ಲವಣಗಳ ಮೂಲಕ ಕರೆಂಟ್ ಸೋರಿ, ನೀರಿನ ಲೆಕ್ಕದ ಜೊತೆ ಲವಣದ ಲೆಕ್ಕವೂ ಕಲಸಿಹೋಗುತ್ತಿತ್ತು. 10 ಮೆಗಾಹರ್ಟ್ಸ್ (ಸೆಕೆಂಡಿಗೆ ಒಂದು ಕೋಟಿ ಸಲ) ಹತ್ತಿರಕ್ಕೆ ಏರಿಸಿದೆ, ಬಹಳ ಸುಧಾರಿಸಿತು. ಮೂರನೆಯದನ್ನು ಕಲಿಸಿದ್ದು ಚಿಕ್ಕಪ್ಪ. "ಲೀಟರ್ ತೂಕ ನೋಡಿದ್ಯಾ?" ಅಂದರು. ಮೆಣಸಿನ ವ್ಯಾಪಾರದಲ್ಲಿ ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತೆ ಅನ್ನುವುದರ ಮೇಲೆ ದರ್ಜೆ. 500 ತೂಗುವ ಮಾಲು ಬೇರೆ, 550 ತೂಗುವ ಮಾಲು ಬೇರೆ. ಜೊಳ್ಳು ಜಾಸ್ತಿ ಇದ್ದರೆ ಡಬ್ಬಿಯಲ್ಲಿ ಗಾಳಿ ಜಾಸ್ತಿ, ನನ್ನ ಮೀಟರ್ ಅದನ್ನೇ "ಒಣಗಿದೆ" ಅಂತ ಓದುತ್ತಿತ್ತು. ಡಬ್ಬಿಯ ಅಡಿಗೆ ತೂಕದ ಸೆನ್ಸರ್ ಕೂರಿಸಿ, ತೂಕವನ್ನೂ ಲೆಕ್ಕಕ್ಕೆ ಸೇರಿಸಿದೆ. ವ್ಯಾಪಾರಸ್ಥರು ಎಷ್ಟೋ ವರ್ಷದಿಂದ ಬಳಸುತ್ತಿರುವ ಅಳತೆ ನನ್ನ ಸಮೀಕರಣದಲ್ಲಿ ಇರಲೇಬೇಕಿತ್ತು.

ಆಮೇಲೆ ನನ್ನನ್ನು ನಿಜವಾಗಿ ಕಾಡಿದ್ದು ಎರಡು ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಂಥ ಕೆಲಸಕ್ಕೆ ಕೈ ಹಾಕುವ ಯಾರಿಗಾದರೂ ಬೇಕಾಗುತ್ತೆ.

ಒಂದು, ಹೋಲಿಸಿ ನೋಡುವ ಅಳತೆ. ಮೀಟರ್ 11 ಅಂತ ತೋರಿಸಿದರೆ ಅದು 11 ಅಂತ ಹೇಗೆ ಗೊತ್ತಾಗಬೇಕು? ಮೆಣಸನ್ನು ಪುಡಿ ಮಾಡಿ, ತೂಗಿ, 105 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿದೆ. ಕಳೆದುಹೋದ ತೂಕ ನೀರಿನದು ಅಂತ ಲೆಕ್ಕ. ಒಂದು ಇಡೀ ಹಂಗಾಮಿನ ಅಂಕಿಗಳನ್ನು ಹೀಗೇ ತೆಗೆದೆ. ಎಲ್ಲಾ ಜಾಸ್ತಿ ಜಾಸ್ತಿ ಬರುತ್ತಿತ್ತು. ಗರಿಗರಿ ಒಣಗಿದ ಕಾಳಿಗೂ 13 ಅನ್ನುತ್ತಿತ್ತು. ಒಂದು ಸಂಜೆ ಓವನ್ ಬಾಗಿಲು ತೆಗೆದಾಗ ಮೂಗಿಗೆ ಮೆಣಸಿನ ಘಾಟು ಹೊಡೆಯಿತು. ಘಮ ಬಂತು ಅಂದರೆ ಎಣ್ಣೆ ಹಾರಿಹೋಗುತ್ತಿದೆ ಅಂತ! ಮೆಣಸಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಹಾರುವ ಎಣ್ಣೆ ಇರುತ್ತೆ. ನಾನು ಅದರ ತೂಕವನ್ನೂ ನೀರು ಅಂತಲೇ ಬರೆದುಕೊಳ್ಳುತ್ತಿದ್ದೆ. ಒಂದು ವರ್ಷದ ಕೆಲಸ ಅಲ್ಲಿಗೆ ಹೋಯಿತು.

ಮಸಾಲೆ ಪದಾರ್ಥಗಳಿಗೆ ಸರಿಯಾದ ದಾರಿ ಬೇರೆ ಇದೆ, ಕೆಮಿಸ್ಟ್ರಿಯವರಿಗೆ ಗೊತ್ತೇ ಇತ್ತು. ಪುಡಿಯನ್ನು ಟಾಲೂಯೀನ್ ಅನ್ನುವ ದ್ರಾವಕದ ಜೊತೆ ಕುದಿಸುವುದು. ಆವಿ ಮೇಲೆ ಹೋಗಿ ತಣಿದು, ಗುರುತು ಹಾಕಿದ ಕೊಳವೆಗೆ ಇಳಿಯುತ್ತೆ. ಎಣ್ಣೆ ಟಾಲೂಯೀನ್‌ನಲ್ಲೇ ಕರಗಿ ಮೇಲೆ ಉಳಿಯುತ್ತೆ, ನೀರು ಭಾರವಾದ್ದರಿಂದ ತಳಕ್ಕೆ ಬಂದು ಬೇರೆಯಾಗಿ ನಿಲ್ಲುತ್ತೆ. ಎಷ್ಟು ಮಿಲಿ ನೀರು ಅಂತ ಕಣ್ಣಿಂದಲೇ ಓದಬಹುದು. ಕಾಲೇಜೊಂದರಲ್ಲಿ ಪಾಠ ಮಾಡುವ ಗೆಳೆಯ ಭಾನುವಾರಗಳಂದು ಲ್ಯಾಬ್ ತೆರೆದುಕೊಟ್ಟ. ಟಾಲೂಯೀನ್‌ಗೆ ಬೆಂಕಿ ಬೇಗ ಹತ್ತುತ್ತೆ, ಮನೆಯಲ್ಲಿ ಇದನ್ನು ಮಾಡಲೇಬೇಡಿ. ಕೊಳವೆಯ ತಳದಲ್ಲಿ ಮೊದಲ ನೀರಿನ ಹನಿ ನಿಂತಾಗ, ಅದರ ಮೇಲೆ ಟಾಲೂಯೀನ್, ನಡುವೆ ಕನ್ನಡಿಯಂಥ ಒಂದು ಗೆರೆ, ನಾನು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಗರಿಗರಿ ಕಾಳು ಅಂತ ನಾವು ಕೈಯಲ್ಲಿ ಹಿಡಿದು ಹೇಳುವುದರೊಳಗೆ ಇಷ್ಟು ನೀರು ಇತ್ತು.

ಎರಡು, ಬಿಸಿ. ಬೆಳಗ್ಗೆ ಚಳಿಯಲ್ಲಿ ಅಳೆದ ಅದೇ ಕಾಳನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಮಧ್ಯಾಹ್ನದ ಬಿಸಿಲಿಗೆ ಕಾಯಿಸಿ ಅಳೆದರೆ ಅಂಕಿ ಬೇರೆ. ಕಾಳಿನಿಂದ ನೀರು ಎಲ್ಲಿಗೂ ಹೋಗಿಲ್ಲ, ಡಬ್ಬಿ ಮುಚ್ಚಿದೆ. ಸರ್ಕ್ಯೂಟಿಗೆ ಸಹಾಯ ಮಾಡುತ್ತಿದ್ದ ಇಂಜಿನಿಯರ್ ಹುಡುಗ ಪುಸ್ತಕ ನೋಡಿ ಒಂದು ತಿದ್ದುಪಡಿ ಹಾಕಿದ. ನೀರಿನ ಆ 80 ಅನ್ನುವ ಅಂಕಿ 20 ಡಿಗ್ರಿಯದ್ದು. 0 ಡಿಗ್ರಿಯಲ್ಲಿ 88, 50 ಡಿಗ್ರಿಗೆ ಹೋದರೆ 70ಕ್ಕೆ ಇಳಿಯುತ್ತೆ. ಹಾಗಾಗಿ ಬಿಸಿ ಕಾಳಿಗೆ ಮೀಟರ್ ಕಡಿಮೆ ತೋರಿಸುತ್ತೆ, ನಾವು ಸ್ವಲ್ಪ ಕೂಡಿಸಬೇಕು ಅಂತ ಅವನ ಲೆಕ್ಕ. ಹಾಕಿ ನೋಡಿದರೆ ತಪ್ಪು ದುಪ್ಪಟ್ಟಾಯಿತು.

ಆಗ ನನಗೆ ನನ್ನ ಥೀಸಿಸ್‌ನ (ಪಿಎಚ್‌ಡಿ ಪ್ರಬಂಧದ) ಒಂದು ಗ್ರಾಫ್ ಚಿತ್ರ ನೆನಪಾಯಿತು. ಲೋಟದಲ್ಲಿರುವ ನೀರಿನ ಅಣುಗಳು ಸೆಕೆಂಡಿಗೆ ಸುಮಾರು 1700 ಕೋಟಿ ಸಲ ಕ್ಷೇತ್ರ ಅತ್ತಿತ್ತ ಆದರೂ ಅದರ ಜೊತೆ ತಿರುಗಲು ನೋಡುತ್ತವೆ, 17 ಗಿಗಾಹರ್ಟ್ಸ್ ಅಂತೀವಲ್ಲ ಅದು. ಆದರೆ ಗೋಡೆಗೆ ಅಂಟಿಕೊಂಡ ನೀರು ಹಾಗಲ್ಲ. ಅದಕ್ಕೆ ಹಿಡಿತ ಇದೆ, ನಿಧಾನ. ನಮ್ಮ ಮೆಗಾಹರ್ಟ್ಸ್‌ಗೂ ಅದರಲ್ಲಿ ಒಂದು ಪಾಲು ಮಾತ್ರ ತಿರುಗಲು ಆಗುವುದು. ಬಿಸಿ ಮಾಡಿದರೆ ಹಿಡಿತ ಸಡಿಲವಾಗಿ ಇನ್ನಷ್ಟು ಅಣುಗಳು ತಿರುಗಲು ಶುರು ಮಾಡುತ್ತವೆ, ಅಂಕಿ ಏರುತ್ತೆ. ಲೋಟದ ನೀರಿಗೆ ಪೂರ್ತಿ ಉಲ್ಟಾ! ಒಣಗಿದ ಕಾಳಿನಲ್ಲಿ ಉಳಿಯುವುದು ಬಹುಪಾಲು ಇಂಥ ಅಂಟಿಕೊಂಡ ನೀರೇ. ಅಂದರೆ ಬಿಸಿ ಕಾಳಿಗೆ ಕಳೆಯಬೇಕು, ಕೂಡಿಸಬಾರದು. ಅಟ್ಟದ ಮೇಲಿದ್ದ ಥೀಸಿಸ್ ಇಳಿಸಿ ಧೂಳು ಒರೆಸಿ ಆ ಪುಟ ತೆಗೆದೆ. ಗೆರೆ ಮೇಲಕ್ಕೇ ಹೋಗುತ್ತಿತ್ತು. ಅದೇ ಆಕಾರ ಇಟ್ಟುಕೊಂಡು, ಮೆಣಸಿಗೆ ತಕ್ಕ ಅಂಕಿ ಅಳೆದು ಹಾಕಿದ ಮೇಲೆ ಬೆಳಗ್ಗೆ ಮಧ್ಯಾಹ್ನ ಎರಡೂ ಒಂದೇ ಆಯಿತು.

ನನಗೆ ಹೇಳಬೇಕಾಗಿರುವುದು ಇದೇ. ಆ ಚಿತ್ರ ಅಳೆಯುವಾಗ ನನಗೆ ಮೆಣಸಿನ ಯೋಚನೆಯೇ ಇರಲಿಲ್ಲ. ಇದರಿಂದ ಏನು ಉಪಯೋಗ ಅಂತ ಮೊದಲೇ ಬರೆದುಕೊಡು ಅಂತ ಯಾರಾದರೂ ಪಟ್ಟು ಹಿಡಿದಿದ್ದರೆ ನಾನು ಒಂದು ತೇವದ ಮೀಟರ್ ಮಾಡುತ್ತೇನೆ ಅಂತ ಬರೆಯುತ್ತಿದ್ದೆನೇನೋ, ಆದರೆ ಐದಾರು ಡಿಗ್ರಿಗೊಮ್ಮೆ ನಿಂತು ನಿಂತು, ರಾತ್ರಿಯಿಡೀ ಕಾದು, ಆ ಗೆರೆ ಎಲ್ಲಿ ತಿರುಗುತ್ತೆ ಅಂತ ನೋಡುವ ಗೋಜಿಗೆ ಖಂಡಿತ ಹೋಗುತ್ತಿರಲಿಲ್ಲ. ಹಾಗಂತ ಥೀಸಿಸ್ ತಾನಾಗಿ ಅಟ್ಟದಿಂದ ಇಳಿದು ಬರುವುದೂ ಇಲ್ಲ. ಅಂಗಳದಲ್ಲಿ ಎರಡು ಹಂಗಾಮು ಕೂತ ಮೇಲೆಯೇ ಆ ಪುಟ ಯಾವುದಕ್ಕೆ ಬೇಕು ಅಂತ ನನಗೆ ಗೊತ್ತಾಗಿದ್ದು.

ಅಂಗಳ ಕಲಿಸಿದ ಇನ್ನೊಂದು ಪಾಠ ದೊಡ್ಡಮ್ಮನದು. ಸಂಜೆ ಟಾರ್ಪಾಲಿನಿಂದ ಎತ್ತಿದ ಕೂಡಲೇ ಅಳೆದು "10 ಬಂತು, ಮೂಟೆ ಕಟ್ಟಿ" ಅಂದೆ. "ಈಗ ನೋಡಬೇಡ ತಮ್ಮ. ರಾತ್ರಿ ಗುಡ್ಡೆ ಹಾಕಿ ಮುಚ್ಚು, ಬೆಳಗ್ಗೆ ನೋಡು" ಅಂದರು. ಬೆಳಗ್ಗೆ ನೋಡಿದರೆ 12 ದಾಟಿತ್ತು. ದಿನವಿಡೀ ಬಿಸಿಲಿಗೆ ಒಣಗುವುದು ಹೊರಗಿನ ಸಿಪ್ಪೆ. ರಾತ್ರಿ ಒಳಗಿನ ನೀರು ನಿಧಾನಕ್ಕೆ ಸಿಪ್ಪೆಗೆ ಬರುತ್ತೆ. ಡಬ್ಬಿ ಯಾವುದೇ ಇರಲಿ, ಅಳೆಯುವ ಹೊತ್ತು ತಪ್ಪಿದರೆ ಎಲ್ಲಾ ತಪ್ಪು. ಈಗ ಮೀಟರಿನ ಮೇಲೆ ದೊಡ್ಡ ಅಕ್ಷರದಲ್ಲಿ "ರಾತ್ರಿ ಮುಚ್ಚಿಟ್ಟು ಬೆಳಗ್ಗೆ ಅಳೆಯಿರಿ" ಅಂತ ಬರೆದು ಅಂಟಿಸಿದ್ದೇನೆ. ಬಂದ ಪ್ರಶ್ನೆಗಳಲ್ಲಿ ಅರ್ಧ ಅಲ್ಲಿಗೆ ನಿಂತವು.

ಈಗ ಒಟ್ಟು ಏಳು ಮೀಟರ್ ಓಡಾಡುತ್ತಿವೆ. ಎಲ್ಲವೂ ಬ್ಯಾಟರಿಯವು, ಮಳೆ ಗಾಳಿಗೆ ಕರೆಂಟ್ ಹೋಗುವ ಊರು ನಮ್ಮದು. ನಾಲ್ಕನ್ನು ಸ್ವಸಹಾಯ ಸಂಘದ ಹೆಂಗಸರು ಮನೆಯಿಂದ ಮನೆಗೆ ಒಯ್ಯುತ್ತಾರೆ. ನಾನು ಮಾರುತ್ತಿಲ್ಲ. ಸಾಮಾನಿನ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ, ಸರ್ಕ್ಯೂಟಿನ ನಕ್ಷೆ ಕೇಳಿದವರಿಗೆಲ್ಲ ಕೊಡುತ್ತೇನೆ. ವ್ಯಾಪಾರಿ ನಮ್ಮ ಮೀಟರಿನ ಅಂಕಿ ಒಪ್ಪಲೇಬೇಕು ಅಂತೇನೂ ಇಲ್ಲ. ಆದರೆ "ಬೆಳಗ್ಗೆ ಅಳೆದಿದ್ದೇವೆ, 11 ಇದೆ" ಅಂತ ಹೇಳಿದ ಮೇಲೆ ಮಾತು ಶುರುವಾಗುವ ರೀತಿಯೇ ಬೇರೆ. ನಮ್ಮ ಅಪ್ಪ ಸುಮ್ಮನೆ ತಲೆಯಾಡಿಸಿದ ಹಾಗೆ ಈಗ ಯಾರೂ ಆಡಿಸುವುದಿಲ್ಲ.

ಹೋದ ಮಳೆಗಾಲದಲ್ಲಿ, ಆಗುಂಬೆ ಕಡೆಯಿಂದ ಮೋಡ ಇಳಿದು ಹದಿನೈದು ದಿನ ಬಿಸಿಲೇ ಕಾಣದ ಹೊತ್ತಿನಲ್ಲಿ, ಅಟ್ಟದಲ್ಲಿದ್ದ ಎರಡು ಮೂಟೆ ಬಿಚ್ಚಿ ನೋಡಿದೆವು. ಒಂದು ಚಿಕ್ಕಪ್ಪ ಹಲ್ಲಿಗೆ ಹಾಕಿ ನೋಡಿ ಕಟ್ಟಿಸಿದ್ದು. ಇನ್ನೊಂದು ಅವರ ಸೊಸೆ ಮೀಟರ್ ನೋಡಿ ಕಟ್ಟಿದ್ದು, ಮದುವೆಯಾಗಿ ಬಂದ ಮೊದಲ ವರ್ಷ, ಬಯಲುಸೀಮೆಯ ಹುಡುಗಿ, ಅದುವರೆಗೆ ಮೆಣಸಿನ ಬಳ್ಳಿಯನ್ನೇ ನೋಡಿರಲಿಲ್ಲ. ಎರಡರಲ್ಲೂ ಬೂಷ್ಟಿನ ಸುಳಿವಿರಲಿಲ್ಲ. ಚಿಕ್ಕಪ್ಪ ಎರಡೂ ಮೂಟೆಗೆ ಕೈ ಹಾಕಿ, ಎರಡರಿಂದಲೂ ಒಂದೊಂದು ಕಾಳು ಕಡಿದು, "ಇದನ್ನು ಕಟ್ಟಿದ್ದು ಇವಳೇನಾ?" ಅಂದರು. ಅವರ ಹಲ್ಲಿಗೆ ಐವತ್ತು ವರ್ಷದ ಅಭ್ಯಾಸ. ಈಗ ಅವರು ಆ ಹುಡುಗಿಗೆ ಕಾಳು ಕಡಿದು ನೋಡುವುದನ್ನು ಕಲಿಸುತ್ತಿದ್ದಾರೆ, ಅವಳು ಪ್ರತಿ ಸಲ ಮೀಟರಿನ ಅಂಕಿಯನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾಳೆ.